ಅದೇ ಏನು, ಬ್ಯಾರೆ ಏನು

ಭಗವಂತರಾಯ ಎಂಬ ಹೆಸರು ನಮ್ಮ ಕಲಬುರಗಿ, ಯಾದಗಿರಿ ಕಡೆ ಯಾರಿಗೂ ವಿಶೇಷವಲ್ಲ. ಓಣಿಗೆ ಇಬ್ಬರಾದರೂ ಇರುತ್ತಾರೆ. ಕೆ.ಆರ್. ಪುರದಲ್ಲಿ ಮಾತ್ರ ಅದು ಕೊನೆಯವರೆಗೂ ತಮಾಷೆಯಾಗಿಯೇ ಉಳಿಯಿತು. "ಭಗವಂತ ಇನ್ನೂ ಎದ್ದಿಲ್ಲ", "ಭಗವಂತ ಗ್ರೈಂಡರ್ ರಿಪೇರಿಗೆ ಹೋಗಿದಾನೆ", "ಭಗವಂತ ಹೇಳಿದ್ ಟೈಮಿಗೆ ಗೇಟ್ ಕೊಡಲ್ಲ" ಎಂದು ಜನ ಹದಿನೈದು ವರ್ಷ ಬೇಸರವಿಲ್ಲದೆ ಹೇಳಿದರು. ಆಸ್ಪತ್ರೆಯಲ್ಲಿ ನರ್ಸು ಬಾಗಿಲಿಗೆ ಬಂದು "ಭಗವಂತ ಯಾರ್ರೀ, ಒಳಗ್ ಬನ್ನಿ" ಎಂದು ಕೂಗಿದಾಗ ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಕೈ ಮುಗಿದದ್ದನ್ನು ನಾನೇ ನೋಡಿದ್ದೇನೆ. ಅವನು ನನ್ನ ಗೆಳೆಯ. ನಲವತ್ತಕ್ಕೆ ಸತ್ತ. ಸತ್ತು ಐದು ತಿಂಗಳಾಯಿತು. ಒಳ್ಳೆಯದನ್ನು ಮಾತ್ರ ಬರೆಯುತ್ತೇನೆಂದು ಕೂತರೆ ಎರಡು ಸಾಲಿಗೆ ಮುಗಿಯುತ್ತದೆ. ಆದ್ದರಿಂದ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ನಾವಿಬ್ಬರೂ ಶಹಾಪುರದ ಕಡೆಯವರು. ಪರಿಚಯವಾದದ್ದು ಮಾತ್ರ ಕೆ.ಆರ್. ಪುರದ ತೂಗುಸೇತುವೆಯ ಆಚೆ, ಬೈಲಪ್ಪನವರ ವಠಾರದಲ್ಲಿ. ಬೈಲಪ್ಪನವರ ಅಪ್ಪ ಆ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ, ಮಗ ರೂಮು ಬೆಳೆದಿದ್ದರು. ಹದಿನಾಲ್ಕು ರೂಮುಗಳಲ್ಲಿ ಒಂಬತ್ತನೆಯದು ನಮ್ಮದು. ನಾನು ಕನ್ನಡ ಎಂ.ಎ. ಮುಗಿಸಿ ಹಲಸೂರಿನ ಒಂದು ವಾಚನಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಅವನು ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಮೂರು ಸಲ ಕೂತು, ಮೂರು ಸಲವೂ ಸೋತು, ಶಿವಾಜಿನಗರದ ಮುಕ್ತಾರ್ ಎಂಬ ವೆಲ್ಡರ್ ಹತ್ತಿರ ಕೆಲಸ ಕಲಿಯುತ್ತಿದ್ದ. ನಾನು ಓದಿದವನಾದ್ದರಿಂದ ನನಗೆ ಎಲ್ಲ ಗೊತ್ತಿರುತ್ತದೆ ಎಂಬುದು ಅವನ ನಂಬಿಕೆ. ಗ್ಯಾಸ್ ಕನೆಕ್ಷನ್ನು, ಆಧಾರ್ ತಿದ್ದುಪಡಿ, ಹೆಣ್ಣು ನೋಡಿ ಬಂದ ಮೇಲೆ ಆ ಹುಡುಗಿಗೆ ಕಳಿಸಬೇಕಾದ ಮೆಸೇಜು, ಎಲ್ಲಕ್ಕೂ "ಕಾಂತೂ, ನೀ ಓದಿದವ, ಹೇಳು" ಎನ್ನುತ್ತಿದ್ದ. ನನ್ನ ಹೆಸರು ಲಕ್ಷ್ಮಿಕಾಂತ. ಮೆಸೇಜು ನಾನೇ ಬರೆದುಕೊಟ್ಟೆ. ಹುಡುಗಿ ಒಪ್ಪಿದಳು. ಅವಳೇ ಸುಜಾತಾ.

ಮದುವೆಯಾದ ಮೇಲೆ ಅವರು ಅದೇ ವಠಾರದಲ್ಲಿ ದೊಡ್ಡ ರೂಮು ಹಿಡಿದರು, ನಾನು ಹಲಸೂರಿಗೆ ಹೋದೆ. ಸುಜಾತಾ ಗಾರ್ಮೆಂಟ್ಸಿನಲ್ಲಿ ಚೆಕ್ಕಿಂಗ್ ಕೆಲಸಕ್ಕೆ ಸೇರಿದಳು. ಇವನು ಮುಕ್ತಾರ್ ಜೊತೆ ಪಾಲುದಾರಿಕೆಯಲ್ಲಿ ಹಳೆ ಮದ್ರಾಸು ರಸ್ತೆಯ ಬದಿ ಬೈಲಪ್ಪನವರದೇ ಒಂದು ಶೆಡ್ಡಿನಲ್ಲಿ ಅಂಗಡಿ ಹಾಕಿದ. ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲ ರೇಲಿಂಗು. ಇಂದಿರಾನಗರದ ಹಳೆ ಬಂಗಲೆಗಳು ಒಂದೊಂದಾಗಿ ಪಬ್ಬುಗಳಾಗುತ್ತಿದ್ದ ಕಾಲದಲ್ಲಿ ಅವರಿಗೆ ಕೈತುಂಬ ಕೆಲಸ. ಅಲ್ಲಿಯವರಿಗೆ ತುಕ್ಕು ಹಿಡಿದಂತೆ ಕಾಣುವ ಹೊಸ ರೇಲಿಂಗು ಬೇಕಿತ್ತು. "ನಮ್ಮೂರಾಗ ತುಕ್ಕು ಪುಕ್ಕಟೆ ಸಿಗ್ತದ, ಇಲ್ಲಿ ಡಿಸೈನರ್ ಬಂದು ಹಚ್ತಾನ" ಎಂದು ಅವನು ನಗುತ್ತಿದ್ದ.

ಮೊದಲು ಕೆಟ್ಟದ್ದು ಕಣ್ಣು. ಒಂದು ಬೆಳಿಗ್ಗೆ ಎಡಗಣ್ಣು ಮಸುಕಾಯಿತು, ಗುಡ್ಡೆ ತಿರುಗಿಸಿದರೆ ನೋವು. ವೆಲ್ಡರ್‌ಗಳಿಗೆ ಕಣ್ಣು ನೋವು ಹೊಸದೇ. ಆರ್ಕ್, ಎಂದರೆ ವೆಲ್ಡಿಂಗಿನ ಬೆಳಕು, ಹೊಡೆದಿದೆ ಎಂದು ಮುಕ್ತಾರ್ ತೀರ್ಮಾನಿಸಿದ. "ಆಲೂಗಡ್ಡೆ ಕತ್ತರಿಸಿ ಇಟ್ಕೊಂಡ್ ಮಲ್ಕೋ ಭಗವಾನ್ ಭಾಯ್." ಆರ್ಕ್ ಹೊಡೆದರೆ ಎರಡೂ ಕಣ್ಣಿಗೆ ಹೊಡೆಯಬೇಕಲ್ಲ ಎಂದು ಯಾರೂ ಯೋಚಿಸಲಿಲ್ಲ, ಓದಿದವನಾದ ನಾನೂ ಯೋಚಿಸಲಿಲ್ಲ. ಮೂರು ವಾರ ಆಲೂಗಡ್ಡೆ ಇಟ್ಟುಕೊಂಡ. ಮೂರು ವಾರಕ್ಕೆ ಕಣ್ಣು ತಾನಾಗಿಯೇ ತಿಳಿಯಾಯಿತು, ಕೀರ್ತಿ ಆಲೂಗಡ್ಡೆಗೆ ಹೋಯಿತು.

ಆಮೇಲೆ ಆರು ತಿಂಗಳಿಗೆ, ಕುತ್ತಿಗೆ ಬಗ್ಗಿಸಿದರೆ ಬೆನ್ನುಹುರಿಯುದ್ದಕ್ಕೂ ಕರೆಂಟು ಹೊಡೆದಂತಾಗತೊಡಗಿತು. ವೆಲ್ಡಿಂಗ್ ಅಂಗಡಿಯಲ್ಲಿ ಇಂಥದ್ದಕ್ಕೆ ಒಂದೇ ಅರ್ಥ. ಮಶಿನಿನ ಅರ್ಥಿಂಗ್ ಸರಿಯಿಲ್ಲ ಎಂದು ಅವನು ಮುಕ್ತಾರ್ ಜೊತೆ ಒಂದು ವಾರ ಜಗಳವಾಡಿದ. ಟೆಸ್ಟರ್ ಹಿಡಿದು ಮಶಿನ್ನು, ಟೇಬಲ್ಲು, ಶಟರು, ಕೊನೆಗೆ ಗೇಟಿನ ಅಳತೆ ಕೊಡಲು ಬಂದ ಗಿರಾಕಿಯ ಸ್ಕೂಟರನ್ನೂ ಮುಟ್ಟಿ ನೋಡಿದ. ಎಲ್ಲೂ ಲೀಕೇಜ್ ಇರಲಿಲ್ಲ. ಲೀಕಾಗುತ್ತಿದ್ದದ್ದು ಅವನೇ.

ಕಾಲು, ಎಡಗೈ ಜೋಮು ಹಿಡಿದು, ಎದೆಯ ಸುತ್ತ ಯಾರೋ ಪಟ್ಟಿ ಬಿಗಿದಂತಾದಾಗ ನಾನೂ ಮುಕ್ತಾರನೂ ಹೆದರಿ ಅವನನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆವು. ಹೃದಯ ಗಟ್ಟಿಯಾಗಿದೆ, ಇದು ನರದ್ದು ಎಂದು ಅವರು ನರರೋಗದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಎಂಆರ್‌ಐ ಕೋಣೆಯ ಹೊರಗೆ ಒಬ್ಬರು ಫಾರಂ ಹಿಡಿದು, "ಮೈಯಲ್ಲಿ ಲೋಹ ಏನಾದ್ರೂ ಇದೆಯಾ?" ಎಂದರು. "ಗ್ರೈಂಡರ್ ಹಿಡ್ಯೋನಿಗೆ ಏನ್ ಕೇಳ್ತೀರಿ ಸರ್, ಇವ್ನು ಅರ್ಧ ಕಬ್ಬಿಣಾನೇ" ಎಂದ ಮುಕ್ತಾರ್. ಅದು ತಮಾಷೆಯಲ್ಲ ಎಂದು ಆಮೇಲೆ ತಿಳಿಯಿತು. ಕಣ್ಣಲ್ಲಿ ಕಬ್ಬಿಣದ ಚೂರಿದ್ದರೆ ಆ ಮಶಿನ್ನು ಅದನ್ನು ಎಳೆದಾಡಿಬಿಡುತ್ತದಂತೆ. ಮೊದಲು ಕಣ್ಣಿಗೆ ಎಕ್ಸ್-ರೇ ತೆಗೆದು, ಚೂರಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಬಿಟ್ಟರು.

ಮಲ್ಟಿಪಲ್ ಸ್ಕ್ಲೆರೋಸಿಸ್. ನಾವು ಮೂವರೂ ಒಂದೊಂದು ಥರ ಉಚ್ಚರಿಸಿದೆವು. ಡಾಕ್ಟರಮ್ಮ "ಎಂಎಸ್ ಅನ್ನಿ ಸಾಕು" ಎಂದರು. ನರಗಳ ಮೇಲೆ ಒಂದು ಹೊದಿಕೆ ಇರುತ್ತದೆ, ಮೈಯೊಳಗಿನ ಕಾವಲುಪಡೆಯೇ ತಪ್ಪು ತಿಳಿದು ಅದನ್ನು ಅಲ್ಲಲ್ಲಿ ಸವೆಸುತ್ತದೆ ಎಂದು ವಿವರಿಸಿದರು. ಅವನಿಗೆ ನಮಗಿಂತ ಬೇಗ ಅರ್ಥವಾಯಿತು. "ಕೇಬಲ್ ಮ್ಯಾಲಿನ ರಬ್ಬರ್ ಹೋಗ್ಯದ ಅಂದ್ರ ಶಾಕ್ ಹೊಡಿತದ. ಅಷ್ಟೇ ಅಲ್ರಿ?" ಡಾಕ್ಟರಮ್ಮ ಒಂದು ಕ್ಷಣ ಅವನನ್ನು ನೋಡಿ, ಅಷ್ಟೇ ಎಂದರು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಔಷಧಿ ಇದೆ, ಬಿಸಿಲಿನಲ್ಲಿ ಬೇಯಬೇಡಿ, ನೀವು ಬಹಳ ವರ್ಷ ಕೆಲಸ ಮಾಡಬಹುದು ಎಂದೂ ಹೇಳಿದರು.

ಕಬ್ಬಿಣದ ಅಂಗಡಿಯಲ್ಲಿ ಎಂಎಸ್ ಎಂದರೆ ಮೈಲ್ಡ್ ಸ್ಟೀಲ್, ತುಕ್ಕು ಹಿಡಿಯುವ ಸಾಧಾರಣ ಕಬ್ಬಿಣ. ಎಸ್ಎಸ್ ಎಂದರೆ ಸ್ಟೇನ್‌ಲೆಸ್. ಮರುದಿನ ಬೈಲಪ್ಪನವರು ಶೆಡ್ಡಿಗೆ ಬಂದು ಆಸ್ಪತ್ರೆಯಲ್ಲಿ ಏನೆಂದರು ಎಂದು ಕೇಳಿದರು.

"ಎಂಎಸ್ ಅಂತ ಹೇಳಿದ್ರು ಗೌಡ್ರೇ."

"ಅದ್ಯಾವಾನ್ಲಾ ಹೇಳ್ದೋನು? ಮನ್ಸನ್ಗೆ ಎಂಎಸ್ ಅಂದ್ರೆ ಏನು, ರಾಡ್ ಆಕ್ತಾರಾ ಕಾಲ್ಗೆ?"

"ರಾಡ್ ಅಲ್ಲ ಗೌಡ್ರೇ, ಕಾಯಿಲೆ."

"ಆಕ್ಸ್ಕೊಳ್ಳೋದಾದ್ರೆ ಎಸ್ಎಸ್ ಆಕ್ಸ್ಕೊ. ಎಂಎಸ್ ಬ್ಯಾಡ. ನಮ್ ತಾರ್ಸಿ ಮ್ಯಾಲಿನ ರೇಲಿಂಗು ತುಕ್ಕಿಡ್ದು ಏನಾಯ್ತು ನೋಡ್ದಲ್ಲ."

ಮುಕ್ತಾರ್ ಗ್ರೈಂಡರ್ ಕೆಳಗಿಟ್ಟು ಹೇಳಿದ. "ಏನೂ ಯೋಚ್ನೆ ಮಾಡ್ಬೇಡ ಭಾಯ್. ರೆಡ್ ಆಕ್ಸೈಡ್ ಎರಡ್ ಕೋಟ್ ಹೊಡೀತೀನಿ, ಇಪ್ಪತ್ ವರ್ಷ ಏನೂ ಆಗಲ್ಲ." ಮೂವರೂ ನಕ್ಕರು. ನಗುವಾಗ ಮುಕ್ತಾರ್ ಕಣ್ಣು ಒರೆಸಿಕೊಂಡನಂತೆ. ಕೇಳಿದರೆ ಆರ್ಕ್ ಎಂದನಂತೆ.

ವಿಚಿತ್ರವೆಂದರೆ ಭಗವಂತ ಎಂಎಸ್‌ಗೆ ಹೆದರಲಿಲ್ಲ. ಅದು ಬಂದು ಕೂತಾಗಿತ್ತು, ಹೆಸರು ಗೊತ್ತಿತ್ತು. ಅವನ ಭಯವೆಲ್ಲ ಇನ್ನೂ ಬಾರದವುಗಳದ್ದು. "ಒಂದು ಬಂದದ ಅಂದ್ರ ದಾರಿ ಗೊತ್ತಾಗ್ಯದ ಅಂತರ್ಥ. ಉಳಿದವೂ ಬರ್ತಾವ" ಎನ್ನುತ್ತಿದ್ದ. ಆಸ್ಪತ್ರೆಯ ಗೋಡೆಯ ಮೇಲೆ ನರರೋಗಗಳ ಪಟ್ಟಿಯಿತ್ತು. ಅದರ ಫೋಟೊ ತೆಗೆದುಕೊಂಡು ಬಂದಿದ್ದ. ಮುಂದಿನ ಮೂರು ವರ್ಷ ಆ ಪಟ್ಟಿಯನ್ನು ಒಂದೂ ಬಿಡದೆ ಅನುಭವಿಸಿದ.

ಕಣ್ಣುರೆಪ್ಪೆ ಅದುರಿದರೆ ಸ್ನಾಯು ಕರಗಿಸುವ ಮೋಟಾರ್ ನ್ಯೂರಾನ್. ಚಹಾದ ಗ್ಲಾಸು ನಡುಗಿದರೆ ಪಾರ್ಕಿನ್ಸನ್. ಗಿರಾಕಿ ಕೊಟ್ಟ ಅಳತೆ ಮರೆತರೆ ಆಲ್ಝೈಮರ್. ಅಳತೆ ಮರೆಯುವುದು ಅವನ ಹುಟ್ಟುಗುಣ, ಹಿಂದೆ ಅದಕ್ಕೆ ಸೋಮಾರಿತನ ಎಂಬ ಹೆಸರಿತ್ತು. ಒಂದು ಸಲ ಮಧ್ಯಾಹ್ನ ಫೋನ್ ಮಾಡಿ, ಇಲ್ಲದ ವಾಸನೆ ಬರುವುದು ಮೂರ್ಛೆರೋಗದ ಲಕ್ಷಣವಂತೆ, ತನಗೆ ಬೆಳಿಗ್ಗೆಯಿಂದ ಸುಟ್ಟ ವಾಸನೆ ಬರುತ್ತಿದೆ ಎಂದ.

"ನೀ ಈಗ ಎಲ್ಲಿದ್ದಿ?"

"ಅಂಗಡ್ಯಾಗ."

"ಮುಕ್ತಾರ್ ಏನ್ ಮಾಡ್ಲತ್ತಾನ?"

"ವೆಲ್ಡಿಂಗ್."

ಅವನು ಮತ್ತೊಮ್ಮೆ ಮೂಸಿದ್ದು ಫೋನಿನಲ್ಲೇ ಕೇಳಿಸಿತು. "ಆದ್ರೂ ಇದು ಬ್ಯಾರೆ ಥರ ಸುಟ್ಟದ್ದು" ಎಂದ.

ದಿನಾ ಬೆಳಿಗ್ಗೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತಿದ್ದ. ಮನೆಯಿಂದ ಅಂಗಡಿಗೆ ಹಿಮ್ಮಡಿಯ ಮೇಲೆ, ಅಲ್ಲಿಂದ ಚಹಾದಂಗಡಿಗೆ ತುದಿಗಾಲಿನ ಮೇಲೆ. ಎರಡೂ ಆದರೆ ಆ ದಿನ ಮೋಟಾರ್ ನ್ಯೂರಾನ್ ಇಲ್ಲ. ಬೈಲಪ್ಪನವರು ಒಂದು ವಾರ ನೋಡಿ ಕೇಳಿದರು. "ಏನ್ಲಾ ಭಗವಂತಾ, ಅರಕೆನಾ?" ಹೌದು ಎಂದುಬಿಟ್ಟ. ಅಂದಿನಿಂದ ಅವನು ಹಾಗೆ ನಡೆದು ಬರುವಾಗ ಅವರು ದಾರಿಯಲ್ಲಿ ನಿಲ್ಲಿಸಿದ ಗಾಡಿಗಳನ್ನು ತೆಗೆಸುತ್ತಿದ್ದರು.

"ದಿನಾ ಸಾವಿರ ಅಂಗಿ ತಿರುವಿ ತಪ್ಪು ಹುಡುಕಿ ಬರ್ತೀನಿ ಅಣ್ಣಾ" ಎಂದು ಸುಜಾತಾ ನನಗೆ ಹೇಳಿದಳು. "ಮನಿಗೆ ಬಂದ್ರ ಇವ್ರು ತಮ್ಮನ್ನೇ ತಿರುವಿ ತಿರುವಿ ನೋಡ್ಕೋತ ಕುಂತಿರ್ತಾರ. ನಮ್ಮ ಫ್ಯಾಕ್ಟ್ರ್ಯಾಗಾದ್ರೂ ಒಂದು ಅಂಗಿ ಒಮ್ಮೆ ಪಾಸಾದ್ರ ಆಯ್ತು. ಇವ್ರು ದಿನಾ ಫೇಲ್."

ಪ್ರತಿಯೊಂದಕ್ಕೂ ತೀರ್ಪು ಕೊಡಬೇಕಾದವನು ನಾನು. ಫೋನ್ ಎತ್ತಿದರೆ ನಮಸ್ಕಾರವಿಲ್ಲ, ಊಟವಾಯಿತಾ ಇಲ್ಲ. "ಕಾಂತೂ, ಇದು ಅದೇ ಏನು, ಬ್ಯಾರೆ ಏನು?" ಅದೇ ಎಂದರೆ ಹಳೆಯ ಎಂಎಸ್. ಬ್ಯಾರೆ ಎಂದರೆ ಪಟ್ಟಿಯಲ್ಲಿದ್ದ ಇನ್ನೊಂದು. ಅವನಿಗೆ ಬೇಕಾಗಿದ್ದದ್ದು 'ಅದೇ' ಎಂಬ ಎರಡಕ್ಷರ. ಕೊಟ್ಟರೆ ನಂಬುತ್ತಿರಲಿಲ್ಲ. ನೋಡದೆ ಹೇಗೆ ಹೇಳುತ್ತೀ, ಯಾವ ಪುಸ್ತಕದಲ್ಲಿದೆ, ಇನ್ನೊಂದು ಸಲ ಯೋಚಿಸು ಎಂದು ಅರ್ಧ ಗಂಟೆ ವಾದ. ಒಮ್ಮೆ ಅದುರುವ ರೆಪ್ಪೆಯನ್ನು ಕಣ್ಣಾರೆ ತೋರಿಸಲು ಕೆ.ಆರ್. ಪುರದಿಂದ ಮೆಟ್ರೊ ಹತ್ತಿ ಹಲಸೂರಿಗೆ ಬಂದ. ನನ್ನೆದುರು ಕೂತು ಹತ್ತು ನಿಮಿಷ ಕಾದ. ರೆಪ್ಪೆ ಅಲ್ಲಾಡಲಿಲ್ಲ. "ಇಂದಿರಾನಗರ ಸ್ಟೇಷನ್ ತನಕ ಇತ್ತು ನೋಡು" ಎಂದು ಪೆಚ್ಚಾಗಿ ಹೇಳಿದ. ವಾಚನಾಲಯದಲ್ಲಿ ಪೇಪರು ಓದುತ್ತಿದ್ದ ಹಿರಿಯರೊಬ್ಬರು, "ಅಲ್ಲೇ ಇಳಿದಿರಬೇಕು" ಎಂದರು.

ನನಗೆ ಸಿಟ್ಟು ಬರುತ್ತಿತ್ತು. ಸಾಯುವ ಮುಂಚಿನ ವರ್ಷ ಅವನ ಕರೆಗಳಲ್ಲಿ ಮೂರಕ್ಕೆ ಒಂದನ್ನು ಎತ್ತುತ್ತಿರಲಿಲ್ಲ. ಕೊನೆಗೆ ಡಾಕ್ಟರಮ್ಮನನ್ನೇ ಕೇಳಿದೆ, ಇವನಿಗೆ ನಾನು ಏನು ಹೇಳಬೇಕು ಎಂದು. ಇಂಥ ಕಾಯಿಲೆಯವರಿಗೆ ಈ ಭಯ ಬಹಳ ಸಾಮಾನ್ಯ, ಅದೂ ಕಾಯಿಲೆಯ ಭಾಗವೇ ಅಂದುಕೊಳ್ಳಿ, ಅದಕ್ಕೂ ಒಬ್ಬ ಡಾಕ್ಟರಿಗೆ ತೋರಿಸೋಣ ಎಂದರು. ನರದ ತೊಂದರೆ ಹೊಸದಾಗಿ ಬಂದು ಇಪ್ಪತ್ನಾಲ್ಕು ಗಂಟೆ ಬಿಡದೆ ಇದ್ದರೆ ಕರೆದುಕೊಂಡು ಬನ್ನಿ, ಅದಕ್ಕೆ ಮುಂಚೆ ಹೋಗಿ ಬಂದು ಮಾಡುವಂಥದ್ದಕ್ಕೆ ಗಾಬರಿ ಬೇಡ ಎಂದೂ ಹೇಳಿದರು. ಸರಿಯಾದ ಮಾತು. ನರಗಳಿಗೆ ಹೇಳಿದ್ದು. ನಾನು ಅದನ್ನು ಎಲ್ಲಕ್ಕೂ ಅನ್ವಯಿಸಿದೆ, ಏಕೆಂದರೆ ಅದು ನನಗೆ ಅನುಕೂಲವಾಗಿತ್ತು. ಇಪ್ಪತ್ನಾಲ್ಕು ತಾಸು ನೋಡು ಎಂದರೆ ಇಪ್ಪತ್ನಾಲ್ಕು ತಾಸು ನನ್ನ ಫೋನು ಸುಮ್ಮನಿರುತ್ತಿತ್ತು.

ಆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಹೊಸದಾಗಿ ಬಂದ ವಾರಪತ್ರಿಕೆಗಳಿಗೆ ಮುದ್ರೆ ಒತ್ತುತ್ತಿದ್ದೆ.

"ಕಾಂತೂ, ಎದಿಗೆ ಆ ಪಟ್ಟಿ ಬಂದದ."

"ಹಳೇದು?"

"ಹಳೇದರ ಹಂಗೇ ಅದ. ಜರಾ ಬಿಗಿ ಅದ ಈ ಸಲ. ಎಡಗೈ ಜೋಮು ಹಿಡ್ದದ."

"ನಿನ್ನ ಎಡಗೈ ಮೂರು ವರ್ಷದಿಂದ ಜೋಮು."

"ಅದೂ ಖರೇನೇ."

"ಬಿಸಿಲಾಗ ತಿರುಗಿದಿ ಏನು?"

"ಟೆರೇಸ್ ಮ್ಯಾಲ ಅಳತಿ ತಗೊಂಡು ಬಂದೀನಿ. ಬೆವರು ಭಾಳ ಬಂತು."

"ಮತ್ತ ಡಾಕ್ಟರಮ್ಮ ಏನಂದಾರ? ಬಿಸಿಲಿಗೆ ಅದು ಹೆಚ್ಚಾಗ್ತದ. ನೀರು ಕುಡಿ, ಫ್ಯಾನ್ ಕೆಳಗ ಕೂಡು."

"ಅಂದ್ರ ಅದೇ. ಬ್ಯಾರೆ ಅಲ್ಲ."

"ಅದೇ. ನಾಳೆ ಹನ್ನೊಂದರ ತನಕ ನೋಡು."

ಅವನು ವಾದಿಸಲಿಲ್ಲ. "ಆಯ್ತು ಬಿಡು. ನೀ ಹೇಳ್ದಿ ಅಂದ್ರ ಅದೇ" ಎಂದು ಫೋನ್ ಇಟ್ಟ. ಎರಡೇ ನಿಮಿಷದಲ್ಲಿ ಮುಗಿಯಿತಲ್ಲ ಎಂದು ನನಗೆ ಸಂತೋಷವಾಯಿತು. ಪರವಾಗಿಲ್ಲ, ಸುಧಾರಿಸುತ್ತಿದ್ದಾನೆ ಅಂದುಕೊಂಡೆ. ಮೂರು ವರ್ಷ ನನ್ನ ಮಾತನ್ನು ಒಮ್ಮೆಯೂ ನಂಬದವನು ಅಂದು ನಂಬಿದ.

ಆಮೇಲಿನದ್ದು ಮುಕ್ತಾರ್ ಹೇಳಿದ್ದು. ಭಗವಂತ ಫ್ಯಾನಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ಖುಷಿಯಲ್ಲಿದ್ದ. ಕುಕ್ ಟೌನಿನ ಗಿರಾಕಿಗೆ ಶನಿವಾರ ಗೇಟು ಖಂಡಿತ ಎಂದು ಫೋನಿನಲ್ಲಿ ಸುಳ್ಳು ಹೇಳಿದ. ಬೆವರುತ್ತಲೇ ಇದ್ದ. ಯಾಕೆ ಭಾಯ್ ಎಂದು ಮುಕ್ತಾರ್ ಕೇಳಿದ್ದಕ್ಕೆ, "ಕಾಂತೂಗ ಕೇಳೀನಿ, ಅದೇ ಅಂತ" ಎಂದ. ಮಧ್ಯಾಹ್ನ ಮೂರೂವರೆಗೆ ನೀರು ಕೇಳಿದ. ಮುಕ್ತಾರ್ ಬಾಟಲಿ ತರುವಷ್ಟರಲ್ಲಿ ಕುರ್ಚಿಯಿಂದ ಜಾರಿದ್ದ. ಆಸ್ಪತ್ರೆಯಲ್ಲಿ ಹೃದಯಾಘಾತ ಎಂದರು.

ಮುಕ್ತಾರ್ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಿದ್ದ. "ಎಷ್ಟು ಓದಿದ್ನಲ್ಲ ಗುರೂ ಇವ್ನು, ಎಲ್ಲಾ ಬೀಮಾರಿ. ಒಂದೂ ಬಿಟ್ಟಿರಲಿಲ್ಲ. ಕೊನೇಗೆ ಔಟ್ ಆಫ್ ಸಿಲಬಸ್ ಕೇಳ್ಬಿಟ್ರು." ಹೇಳಿ ಅಳತೊಡಗಿದ. ನಾನು ಆ ಫೋನಿನ ವಿಷಯ ಎತ್ತಲಿಲ್ಲ. ಅವನಿಗೆ ಗೊತ್ತಿತ್ತು. ಅವನೂ ಎತ್ತಲಿಲ್ಲ.

ಮಣ್ಣು ಊರಿನಲ್ಲಾಯಿತು. ನಮ್ಮಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ. ಕೂರಿಸುವಾಗ ಅವನ ಸೋದರಮಾವ "ಕಾಲು ಸಡಿಲ ಬಿಡಪಾ" ಎಂದು ಅವನಿಗೇ ಹೇಳಿದರು. ಡಾಕ್ಟರಮ್ಮ ಮೊಣಕಾಲಿಗೆ ಸುತ್ತಿಗೆ ಬಡಿದು ನೋಡುವಾಗಲೆಲ್ಲ ಮೂರು ವರ್ಷ ಹೇಳಿದ್ದೂ ಅದನ್ನೇ. ನನಗೆ ನಗು ಬಂತು, ಅಲ್ಲಿ ನಗುವಂತಿರಲಿಲ್ಲ, ಆಚೆ ಹೋಗಿ ಜಾಲಿಮರದ ಹಿಂದೆ ನಿಂತೆ. ಅಳು ಬರುತ್ತಿದೆ ಎಂದುಕೊಂಡು ಯಾರೋ ನೀರು ತಂದುಕೊಟ್ಟರು.

ಎರಡು ತಿಂಗಳಾದ ಮೇಲೆ ಸುಜಾತಾ ಕೆಲಸಕ್ಕೆ ವಾಪಸು ಬಂದಳು. ಒಂದು ಭಾನುವಾರ ಬೆಳಿಗ್ಗೆ ಹೋದೆ. ಚಹಾಕ್ಕೆ ಇಟ್ಟು, ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಅಣ್ಣಾ, ಅವತ್ತು ನಿಮಗ ಫೋನ್ ಮಾಡ್ಯಾರ. ಎರಡು ನಿಮಿಷ ಅಂತ ತೋರಿಸ್ತದ. ನಿಮ್ಮ ಜೋಡಿ ಎರಡು ನಿಮಿಷಕ್ಕ ಫೋನ್ ಇಟ್ಟವ್ರೇ ಅಲ್ಲ ಅವ್ರು. ಏನ್ ಹೇಳಿದ್ರಿ?"

ಸುಳ್ಳು ಹೇಳಬಹುದಿತ್ತು. ಅದಕ್ಕೆ ಎರಡು ತಿಂಗಳಿನಿಂದ ಸಿದ್ಧತೆಯೂ ಇತ್ತು. ಇದ್ದದ್ದನ್ನು ಹೇಳಿದೆ, ಬೆವರು, ಎಡಗೈ, ಪಟ್ಟಿ, ನಾಳೆ ಹನ್ನೊಂದರ ತನಕ ನೋಡು ಎಂದದ್ದು, ಎಲ್ಲ. ಚಹಾ ಉಕ್ಕಿತು. ಅವಳು ಗ್ಯಾಸ್ ಆರಿಸಿದಳು. ಒಲೆ ಒರೆಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.

"ನೀವು ಡಾಕ್ಟರ್ ಏನ್ರಿ?"

"ಅಲ್ಲವ್ವಾ."

"ಮತ್ತ ಯಾಕ ಹೇಳಿದ್ರಿ?"

"ಕೇಳ್ದ. ಹೇಳ್ದೆ."

ಹೊರಗೆ ಬೈಲಪ್ಪನವರು ನೀರಿನ ಮೋಟಾರಿಗೆ ಬೈಯುತ್ತಿದ್ದರು.

"ನಿಮಗ ಬೈಲಿಕ್ಕ ನನಗ ಈಗ ತ್ರಾಣ ಇಲ್ಲ" ಎಂದಳು. "ಮುಂದ ಒಂದಿನ ಬೈತೀನಿ. ಕುಂತು, ಪೂರ್ತಿ ಬೈತೀನಿ. ನೀವು ಬರಬೇಕು."

"ಬರ್ತೀನಿ."

"ವಾರ ಆಯ್ತು, ನನಗೂ ಎದಿ ಒತ್ತಿದಂಗ ಆಗ್ಲತ್ತದ. ಯಾರಿಗೂ ಹೇಳಿಲ್ಲ. ಇದು ಏನು, ಹೇಳ್ರಿ ನೋಡೋಣ."

ದುಃಖದ್ದು, ನಿದ್ದೆಯಿಲ್ಲದ್ದು, ಉಪವಾಸದ್ದು ಎಂಬ ಮೂರೂ ನನ್ನ ನಾಲಿಗೆಯ ತುದಿಗೆ ಬಂದವು. "ನನಗ ಗೊತ್ತಿಲ್ಲ" ಎಂದೆ.

"ಹಾಂ" ಎಂದಳು. "ನಡ್ರಿ ಹಂಗಾದ್ರ."

ವಠಾರದ ಹಿಂದಿನ ರಸ್ತೆಯ ನರ್ಸಿಂಗ್ ಹೋಮಿಗೆ ನಡೆದುಹೋದೆವು. ಇಸಿಜಿ ತೆಗೆಯುವ ಹುಡುಗಿ ಸುಜಾತಾಳದ್ದು ಮುಗಿಸಿ ವೈರುಗಳನ್ನು ಸುತ್ತಿಡುತ್ತಿದ್ದಾಗ ಸುಜಾತಾ ಸೀರೆ ಸರಿಮಾಡಿಕೊಳ್ಳುತ್ತ ಹೊರಬಂದು, "ಈ ಅಣ್ಣಾವರದೂ ತಗೀರಿ" ಎಂದಳು.

"ಇವ್ರಿಗೇನಾಗಿದೆ ಮೇಡಂ?"

"ಇವ್ರನ್ನ ಕೇಳಬ್ಯಾಡ್ರಿ. ಕೇಳಿದ್ರ ಏನೂ ಇಲ್ಲ ಅಂತಾರ."

ಅಂಗಿ ಬಿಚ್ಚಿ ಮಲಗಿದೆ. ಎದೆಗೆ ತಣ್ಣನೆಯ ಜೆಲ್ಲು ಹಚ್ಚಿ, ಕೈಕಾಲಿಗೆ ಕ್ಲಿಪ್ಪು ಹಾಕಿದರು. "ಅಲ್ಲಾಡ್ಬೇಡಿ ಸರ್, ಗೆರೆ ಕೆಡುತ್ತೆ." ಎರಡು ಸಲ ಗೆರೆ ಕೆಟ್ಟಿತು. ಹುಡುಗಿ ಮೂರನೆಯ ಸಲ ತೆಗೆದಳು.

ಹೊರಗೆ ಬೆಂಚಿನ ಮೇಲೆ ಸುಜಾತಾ ಎರಡೂ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನೋಡೋಣವೆಂದು ಕೈ ಚಾಚಿದೆ. ಅವಳು ಎರಡನ್ನೂ ಮಡಚಿ ಪರ್ಸಿನಲ್ಲಿಟ್ಟಳು.

"ಡಾಕ್ಟರ್ ಬರ್ತಾರ. ಅವ್ರು ಓದ್ತಾರ. ನೀವು ಕೂಡ್ರಿ."

ಕೂತೆ.